ಅಜೇಯರೆನಿಸಿದ ಮುಷ್ಟಿಮಲ್ಲರು

ತರುಣರಿರುವ ಮನೆಗಳಲ್ಲಿ ರಾತ್ರಿಯ ಊಟವಾದ ಬಳಿಕ ನಡೆಯತಕ್ಕ ವಾದಗಳು ಬಗೆಬಗೆಯಾಗಿರುತ್ತವೆ. ಅವುಗಳಲ್ಲಿ ಎಂದಿಗೂ ಹಳತಾಗದ ವಾದವೊಂದುಂಟು. ಮುಷ್ಟಿಯುದ್ಧದಲ್ಲಿ, ಎಂದರೆ ಬಾಕ್ಸಿಂಗ್ ಎಂಬ ಆಟದಲ್ಲಿ, ತನ್ನ ಏರುಜವ್ವನದ ಕಾಲಕ್ಕೆ ಯಾರಿಂದಲೂ ಸೋಲಿಸಲಾಗದವನೆಂದು ತೋರಿದ ಮಲ್ಲನು ಯಾರು? ಒಬ್ಬನು ಟೈಸನ್ನನ ಹೆಸರನ್ನು ಹೇಳುತ್ತಾನೆ. ಇನ್ನೊಬ್ಬನು ಆಲಿಯ ಹೆಸರನ್ನು ಹಿಡಿದು ಕೂರುತ್ತಾನೆ. ಮನೆಯ ಹಿರಿಯರು ತಾವು ಎಳೆಯ ವಯಸ್ಸಿನಲ್ಲಿ ಓದಿದ ಜೋ ಲೂಯಿಸನ ಕಥೆಯನ್ನು ನೆನೆಯುತ್ತಾರೆ. ಹಳೆಯ ಪಂದ್ಯಗಳ ಚಿತ್ರಗಳೆಲ್ಲ ಈಗ ಅಂಗೈಯಗಲದ ಮೊಬೈಲಿನಲ್ಲಿಯೇ ದೊರೆಯುವುದರಿಂದ ಸಾಕ್ಷ್ಯಕ್ಕೂ ಕೊರತೆಯಿಲ್ಲ. ಸಾಕ್ಷ್ಯವು ಹೆಚ್ಚಿದಷ್ಟೂ ವಾದವು ಬೆಳೆಯುತ್ತದೆಯೇ ಹೊರತು ತೀರುವುದಿಲ್ಲ. ಈ ತಿಂಗಳು ಈ ವಾದದಲ್ಲಿ ನಾವೂ ಒಂದು ಮಾತನ್ನಾಡಲು ಬಯಸುತ್ತೇವೆ.

ಆಟದ ಕ್ರಮವನ್ನು ಅರಿಯದ ವಾಚಕರಿಗಾಗಿ ಎರಡು ಮಾತು ಹೇಳುವುದು ಅವಶ್ಯ. ಮೈಸೂರಿನ ದಸರೆಯಲ್ಲಿ ಅರಮನೆಯ ಅಂಗಳದೊಳಗೆ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ನಮ್ಮವರಲ್ಲಿ ಅನೇಕರು ಬಲ್ಲರು. ಅಲ್ಲಿ ಒಬ್ಬನ ತಲೆಯಿಂದ ಮೊದಲ ತೊಟ್ಟು ರಕ್ತವು ಕಾಣಿಸಿದೊಡನೆಯೇ ಕಾಳಗವು ಮುಗಿಯಿತು. ಪಾಶ್ಚಾತ್ಯರ ಮುಷ್ಟಿಯುದ್ಧವು ಅಷ್ಟು ಬೇಗನೆ ತೃಪ್ತವಾಗತಕ್ಕದ್ದಲ್ಲ. ಮೂರು ನಿಮಿಷಗಳಿಗೆ ಒಂದು ಸುತ್ತು, ಸುತ್ತು ಸುತ್ತಿನ ನಡುವೆ ಒಂದು ನಿಮಿಷದ ವಿಶ್ರಾಂತಿ. ಬಿದ್ದವನು ಹತ್ತು ಎಣಿಸುವುದರೊಳಗೆ ಎದ್ದರೆ ಮತ್ತೆ ಹೋರಾಟ, ಏಳದಿದ್ದರೆ ಸೋಲು. ಜಗಜ್ಜೆಟ್ಟಿಯ ಪದವಿಗಾಗಿ ನಡೆಯುವ ಪಂದ್ಯಗಳಿಗೆ ಬಹುಕಾಲ ಹದಿನೈದು ಸುತ್ತುಗಳ ನಿಯಮವಿದ್ದಿತು, ಈಗ ಹನ್ನೆರಡು. ಹದಿನೈದು ಸುತ್ತುಗಳೆಂದರೆ ವಿಶ್ರಾಂತಿಯೂ ಸೇರಿ ಒಂದು ಗಂಟೆಗೆ ಒಂದೇ ನಿಮಿಷ ಕಡಿಮೆ. ಅಷ್ಟು ಹೊತ್ತಿನಲ್ಲಿ ಮನುಷ್ಯನ ತೋಳ ಬಲವೊಂದೇ ಅಲ್ಲದೆ ಅವನ ಉಸಿರು, ತಾಳ್ಮೆ, ಧೈರ್ಯ ಎಲ್ಲವೂ ಪರೀಕ್ಷೆಗೆ ಬೀಳುತ್ತವೆ. ಅಷ್ಟು ಹೊತ್ತು ಹೋರಾಡುವ ಪ್ರಸಂಗವೇ ಬಾರದಿದ್ದರೆ ಪರೀಕ್ಷೆಯೂ ನಡೆಯದೆ ಉಳಿಯುತ್ತದೆ. ನಮ್ಮ ಮಾತಿನ ತಿರುಳು ಇಲ್ಲಿಯೇ ಇದೆ.

ಭಾರತದ ಕಥೆಯಲ್ಲಿ ಜರಾಸಂಧನನ್ನು ನೆನೆಯಿರಿ. ಎರಡು ಸೀಳಾಗಿ ಹುಟ್ಟಿ ಜರೆಯೆಂಬ ರಾಕ್ಷಸಿಯಿಂದ ಕೂಡಿಸಲ್ಪಟ್ಟ ಆ ದೇಹವನ್ನು ಭೀಮನು ಸೀಳಿದರೂ ಅದು ಮತ್ತೆ ಕೂಡಿಕೊಳ್ಳುತ್ತಿದ್ದಿತು. ಕೃಷ್ಣನು ಕಡ್ಡಿಯೊಂದನ್ನು ಸೀಳಿ ಹೋಳುಗಳನ್ನು ತಿರುಗು ಮುರುಗಾಗಿ ಎಸೆದು ತೋರಿಸುವವರೆಗೆ ಮಗಧರಾಜನು ಅಜೇಯನೇ ಸರಿ. ಆತನ ದೇಹದಲ್ಲಿ ಸಂಧಿಯು ಮೊದಲಿನಿಂದಲೂ ಇದ್ದಿತು. ಅದನ್ನು ಬಲ್ಲವರು ಇರಲಿಲ್ಲ, ಅಷ್ಟೆ. ಮುಷ್ಟಿಮಲ್ಲರ ಚರಿತ್ರೆಯನ್ನು ನೋಡಿದರೆ ಇದೇ ಕಥೆಯು ಮತ್ತೆ ಮತ್ತೆ ನಡೆದಿರುವುದು ಕಾಣುತ್ತದೆ.

ಮೊದಲು ಸನ್ನಿ ಲಿಸ್ಟನ್ ಎಂಬ ಅಮೆರಿಕದ ಮಲ್ಲನನ್ನು ತೆಗೆದುಕೊಳ್ಳೋಣ. 1962ರ ಸೆಪ್ಟೆಂಬರಿನಲ್ಲಿ ಷಿಕಾಗೋ ನಗರದಲ್ಲಿ ಈತನು ಅಂದಿನ ಜಗಜ್ಜೆಟ್ಟಿ ಫ್ಲಾಯ್ಡ್ ಪ್ಯಾಟರ್ಸನ್ನನನ್ನು ಮೊದಲನೆಯ ಸುತ್ತಿನಲ್ಲಿಯೇ ಕೆಡವಿದನು. ಸೋತ ಪ್ಯಾಟರ್ಸನ್ನನು ನಾಚಿಕೆಯಿಂದ ಕೃತಕ ಗಡ್ಡವನ್ನು ಅಂಟಿಸಿಕೊಂಡು ಮರೆಯಾಗಿ ಹೊರಟುಹೋದನು. ಮರುವರ್ಷ ಅದೇ ಇಬ್ಬರೂ ಮತ್ತೆ ಸೇರಿದಾಗಲೂ ಮೊದಲನೆಯ ಸುತ್ತೇ ಕಡೆಯ ಸುತ್ತಾಯಿತು. 1961ರಿಂದ 1963ರವರೆಗೆ ಲಿಸ್ಟನ್ನನು ಹೋರಾಡಿದ ನಾಲ್ಕು ಪಂದ್ಯಗಳನ್ನು ಕೂಡಿಸಿದರೂ ಆರು ಸುತ್ತುಗಳಾಗಲಿಲ್ಲವೆಂದರೆ ಆತನ ಮುಷ್ಟಿಯ ಬಲವನ್ನು ಊಹಿಸಬಹುದು. ಎದುರಾಳಿಗಳು ಆತನ ದೃಷ್ಟಿಗೇ ಅರ್ಧ ಸೋಲುತ್ತಿದ್ದರೆಂದು ಹೇಳುತ್ತಿದ್ದರು. ಇಂಥವನೆದುರಿಗೆ 1964ರ ಫೆಬ್ರವರಿಯಲ್ಲಿ ಮಯಾಮಿಯಲ್ಲಿ ಇಪ್ಪತ್ತೆರಡು ವರ್ಷದ ಕ್ಯಾಷಿಯಸ್ ಕ್ಲೇ ಎಂಬ ತರುಣನು ನಿಂತಾಗ ಬಾಜಿ ಕಟ್ಟುವವರು ಆ ತರುಣನ ಗೆಲವಿಗೆ ಒಂದಕ್ಕೆ ಏಳರಂತೆ ಕೊಡಲು ಸಿದ್ಧರಾಗಿದ್ದರು. ತರುಣನು ನಿಲ್ಲಲಿಲ್ಲ, ಹೆದರಲಿಲ್ಲ. ಸುತ್ತುತ್ತ, ಹಿಂದೆಗೆಯುತ್ತ, ನಡುನಡುವೆ ಹೊಡೆಯುತ್ತ ಸುತ್ತುಗಳನ್ನು ಬೆಳೆಸಿದನು. ಏಳನೆಯ ಸುತ್ತಿನ ಗಂಟೆಯು ಬಾರಿಸಿದಾಗ ಲಿಸ್ಟನ್ನನು ತನ್ನ ಮೂಲೆಯ ಪೀಠದಿಂದ ಏಳಲೇ ಇಲ್ಲ. ಭುಜಕ್ಕೆ ನೋವಾಯಿತೆಂಬ ಕಾರಣವನ್ನು ಹೇಳಿದರು. ನೋವು ನಿಜವಾಗಿಯೇ ಇರಬಹುದು. ಆದರೆ ನೋವನ್ನು ನುಂಗಿಕೊಂಡು ಹೋರಾಡಬೇಕಾದ ಸಂದರ್ಭವು ಆತನಿಗೆ ಮೂರು ವರ್ಷಗಳಿಂದ ಬಂದೇ ಇರಲಿಲ್ಲವೆಂಬುದೂ ಅಷ್ಟೇ ನಿಜ.

ಅಂದು ಗೆದ್ದ ಕ್ಲೇ ಎಂಬಾತನೇ ಮಹಮ್ಮದ್ ಆಲಿಯೆಂದು ಹೆಸರಾದವನು. ಹತ್ತು ವರ್ಷಗಳ ಮೇಲೆ ಇದೇ ಆಲಿಯ ಎದುರಿಗೆ ಮತ್ತೊಬ್ಬ ಅಜೇಯನು ನಿಂತನು. ಜಾರ್ಜ್ ಫೋರ್‌ಮನ್ ಎಂಬ ಈ ದೈತ್ಯನು 1973ರಲ್ಲಿ ಜಮೈಕಾ ದ್ವೀಪದ ಕಿಂಗ್‌ಸ್ಟನ್ನಿನಲ್ಲಿ ಜೋ ಫ್ರೇಜಿಯರನನ್ನು ಎರಡು ಸುತ್ತುಗಳಲ್ಲಿ ಆರು ಸಾರಿ ನೆಲಕ್ಕುರುಳಿಸಿ ಪದವಿಯನ್ನು ಪಡೆದಿದ್ದನು. ಮರುವರ್ಷ ಕೆನ್ ನಾರ್ಟನ್ನನಿಗೂ ಎರಡೇ ಸುತ್ತು. ಈ ಫ್ರೇಜಿಯರ್, ನಾರ್ಟನ್ ಇಬ್ಬರೂ ಆಲಿಯನ್ನು ಒಂದೊಂದು ಸಾರಿ ಸೋಲಿಸಿದವರು. ಆಲಿಯನ್ನು ಸೋಲಿಸಿದವರನ್ನು ಎರಡು ಸುತ್ತಿನಲ್ಲಿ ಮುಗಿಸಿದವನಿಗೆ ಆಲಿಯೇ ಎದುರಾದರೆ ಏನಾದೀತು? ಲೆಕ್ಕವು ಮಗುವಿಗೂ ತಿಳಿಯುವಂತಿದ್ದಿತು. ನಲವತ್ತು ಪಂದ್ಯಗಳಲ್ಲಿ ನಲವತ್ತನ್ನೂ ಗೆದ್ದ ಇಪ್ಪತ್ತೈದು ವರ್ಷದವನು ಒಂದು ಕಡೆ; ಮೂವತ್ತೆರಡು ದಾಟಿ ಕಾಲಿನ ಚುರುಕು ಕುಂದಿದವನು ಮತ್ತೊಂದು ಕಡೆ. 1974ರ ಅಕ್ಟೋಬರ್ 30ರಂದು ಆಫ್ರಿಕಾದ ಕಿನ್ಷಾಸಾ ನಗರದಲ್ಲಿ, ಬೆಳಕು ಹರಿಯುವ ಮುನ್ನವೇ, ಆ ಪಂದ್ಯವು ನಡೆಯಿತು. ಆಲಿಯು ಓಡಲಿಲ್ಲ. ಕಣದ ಹಗ್ಗಕ್ಕೆ ಬೆನ್ನುಕೊಟ್ಟು, ತೋಳುಗಳಿಂದ ಮುಖವನ್ನು ಮರೆಮಾಡಿ, ಹೊಡೆಯೆಂದು ಮೈಯೊಡ್ಡಿ ನಿಂತನು. ಫೋರ್‌ಮನ್ನನು ಹೊಡೆದನು, ಹೊಡೆದನು, ಹೊಡೆಹೊಡೆದು ದಣಿದನು. ಎಂಟನೆಯ ಸುತ್ತಿನಲ್ಲಿ ಆಲಿಯ ಬಲಗೈಯ ಏಟಿಗೆ ಆ ಮಹಾಕಾಯನು ತಿರುಗಿ ಉರುಳಿದನು. ಆತನ ಸಂಧಿಯಿದ್ದುದು ಎಲುಬಿನಲ್ಲಿ ಅಲ್ಲ, ಉಸಿರಿನಲ್ಲಿ.

ಮೂರನೆಯವನು ಮೈಕ್ ಟೈಸನ್. ಇಂದಿನ ತರುಣರ ತಂದೆಯವರು ಕಣ್ಣಾರೆ ಕಂಡವನಾದುದರಿಂದ ಈತನ ಹೆಸರು ವಾದದಲ್ಲಿ ಎಲ್ಲಕ್ಕಿಂತ ಮೊದಲು ಬರುತ್ತದೆ. 1986ರ ನವೆಂಬರಿನಲ್ಲಿ ಇಪ್ಪತ್ತು ವರ್ಷ ನಾಲ್ಕು ತಿಂಗಳ ಪ್ರಾಯದಲ್ಲಿ ಜಗಜ್ಜೆಟ್ಟಿಯಾದನು. ಭಾರದ ವರ್ಗದಲ್ಲಿ ಅಷ್ಟು ಎಳೆಯ ವಯಸ್ಸಿನವರು ಅದುವರೆಗೆ ಆ ಪದವಿಯನ್ನು ಏರಿರಲಿಲ್ಲ. 1988ರ ಜೂನ್ ತಿಂಗಳಲ್ಲಿ, ತಾನೂ ಸೋಲನ್ನೇ ಕಾಣದಿದ್ದ ಮೈಕಲ್ ಸ್ಪಿಂಕ್ಸನನ್ನು 91 ಸೆಕೆಂಡುಗಳಲ್ಲಿ ಮುಗಿಸಿದನು. ಕಣಕ್ಕೆ ಬರುವಾಗಲೇ ಸ್ಪಿಂಕ್ಸನ ಮುಖದಲ್ಲಿ ಭೀತಿಯು ಎದ್ದು ಕಾಣುತ್ತಿದ್ದುದನ್ನು ಆ ಚಿತ್ರವನ್ನು ನೋಡಿದವರೆಲ್ಲರೂ ಗುರುತಿಸಬಲ್ಲರು. ಅಜೇಯನೆಂದು ತೋರುವುದೇ ಪ್ರಶ್ನೆಯಾದರೆ ಆ ಒಂದೂವರೆ ನಿಮಿಷದ ಟೈಸನ್ನನಿಗೆ ಮಿಗಿಲಾದವನನ್ನು ನಾವು ಕಾಣೆವು.

ಆದರೆ ಟೈಸನ್ನನನ್ನು ಮಗನಂತೆ ಸಾಕಿ ಕಲಿಸಿದ ಗುರು ಕಸ್ ಡಿಅಮಾಟೋ 1985ರಲ್ಲಿಯೇ ತೀರಿಕೊಂಡಿದ್ದನು. ಅದೇ ಗುರುವಿನ ಮಾರ್ಗದಲ್ಲಿ ನಡೆಸುತ್ತಿದ್ದ ಶಿಕ್ಷಕನನ್ನೂ 1988ರಲ್ಲಿ ದೂರಮಾಡಿದುದಾಯಿತು. 1990ರ ಫೆಬ್ರವರಿ 11ರಂದು ಟೋಕಿಯೋ ನಗರದಲ್ಲಿ ಎದುರಾದ ಬಸ್ಟರ್ ಡಗ್ಲಸ್ ಎಂಬಾತನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆತನ ಗೆಲವಿಗೆ ಒಂದಕ್ಕೆ ನಲವತ್ತೆರಡರಂತೆ ಬಾಜಿಯಿದ್ದಿತು. ಡಗ್ಲಸನ ತಾಯಿಯು ತೀರಿಕೊಂಡು ಆಗ ಒಂದು ತಿಂಗಳೂ ಕಳೆದಿರಲಿಲ್ಲ. ಕಳೆದುಕೊಳ್ಳಬಾರದುದನ್ನು ಕಳೆದುಕೊಂಡು ಬಂದವನಿಗೆ ಮುಷ್ಟಿಯ ಭಯವೆಷ್ಟಿದ್ದೀತು? ಎಂಟನೆಯ ಸುತ್ತಿನ ಕೊನೆಯಲ್ಲಿ ಟೈಸನ್ನನು ಆತನನ್ನು ಕೆಡವಿದನು. ಎಲ್ಲರೂ ಪಂದ್ಯವು ಮುಗಿಯಿತೆಂದೇ ತಿಳಿದರು. ಡಗ್ಲಸನು ಎದ್ದನು. ಹತ್ತನೆಯ ಸುತ್ತಿನಲ್ಲಿ ತನ್ನ ವೃತ್ತಿಜೀವನದಲ್ಲಿ ಮೊದಲ ಸಲ ನೆಲ ಕಂಡ ಟೈಸನ್ನನು, ಬಾಯಿಂದ ಜಾರಿದ ಹಲ್ಲಿನ ಕಾಪನ್ನು ನೆಲದ ಮೇಲೆ ತಡಕಾಡಿ ಹುಡುಕುತ್ತಿದ್ದಂತೆಯೇ ಹತ್ತರ ಎಣಿಕೆಯು ಮುಗಿಯಿತು. ಬಿದ್ದ ಮೇಲೆ ಏಳುವ ವಿದ್ಯೆಯನ್ನು ಆತನು ಅಭ್ಯಾಸ ಮಾಡಿರಲಿಲ್ಲ. ಬೀಳದವನಿಗೆ ಆ ವಿದ್ಯೆ ಹೇಗೆ ಬಂದೀತು?

ಈ ಮೂವರ ಕಥೆಯಿಂದ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಅಜೇಯತ್ವದ ಕೀರ್ತಿಯಲ್ಲಿ ಅರ್ಧವು ಗೆದ್ದವನ ಮುಷ್ಟಿಯಲ್ಲಿದ್ದರೆ ಉಳಿದರ್ಧವು ಸೋಲುವವರ ಎದೆಯಲ್ಲಿರುತ್ತದೆ. ಭಯವು ಎದುರಾಳಿಯನ್ನು ಬೇಗನೆ ಕೆಡವುತ್ತದೆ. ಬೇಗನೆ ಮುಗಿದ ಪಂದ್ಯವು ಭಯವನ್ನು ಮತ್ತಷ್ಟು ಬೆಳೆಸುತ್ತದೆ. ಈ ಚಕ್ರವು ತಿರುಗುತ್ತಿರುವವರೆಗೆ ಮಲ್ಲನ ನ್ಯೂನತೆಯು ಲೋಕಕ್ಕೂ ತಿಳಿಯದು, ಅವನಿಗೂ ತಿಳಿಯದು. ಹೆದರದವನೊಬ್ಬನು ಬಂದ ದಿನ ಎರಡು ಸಂಗತಿಗಳೂ ಒಟ್ಟಿಗೆ ಬಯಲಾಗುತ್ತವೆ.

ಇನ್ನೊಂದು ಬಗೆಯ ಮಲ್ಲರೂ ಉಂಟು. ತಮ್ಮ ಸಂಧಿಯು ಎಲ್ಲಿದೆಯೆಂಬುದನ್ನು ಮೊದಲೇ ಅರಿತು ಬೆಸೆದುಕೊಂಡವರು ಇವರು. ಜೋ ಲೂಯಿಸನು 1936ರ ಜೂನಿನಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗನಿಗೆ ಹನ್ನೆರಡನೆಯ ಸುತ್ತಿನಲ್ಲಿ ಸೋತನು. ಎಡಗೈಯಿಂದ ಹೊಡೆದಾದ ಮೇಲೆ ಆ ಕೈಯನ್ನು ಕೆಳಗಿಳಿಸುವ ದುರಭ್ಯಾಸವು ಲೂಯಿಸನಿಗಿದ್ದಿತು. ಷ್ಮೆಲಿಂಗನು ಹಳೆಯ ಪಂದ್ಯಗಳ ಚಿತ್ರವನ್ನು ನೋಡಿ ಅದನ್ನು ಕಂಡುಕೊಂಡಿದ್ದನು. ಎರಡು ವರ್ಷಗಳ ಮೇಲೆ, 1938ರ ಜೂನ್ 22ರಂದು, ನ್ಯೂಯಾರ್ಕಿನಲ್ಲಿ ಅದೇ ಇಬ್ಬರು ಮತ್ತೆ ಸೇರಿದರು. ಹಿಟ್ಲರನ ಜರ್ಮನಿಯ ಮೇಲೆ ಲೋಕವೆಲ್ಲ ಕಣ್ಣಿಟ್ಟಿದ್ದ ಕಾಲವದು. ಅಮೆರಿಕದ ಕರಿಯ ಜನರ ಮಾನವೂ ಲೂಯಿಸನ ಕೈಯಲ್ಲಿದ್ದಂತಿತ್ತು. ಕೆಳಗಿಳಿಯುತ್ತಿದ್ದ ಎಡಗೈ ಈ ಸಾರಿ ಇಳಿಯಲಿಲ್ಲ. ಪಂದ್ಯವು 124 ಸೆಕೆಂಡುಗಳಲ್ಲಿ ಮುಗಿಯಿತು. 1937ರಿಂದ 1949ರವರೆಗೆ ಲೂಯಿಸನು ಪದವಿಯನ್ನು ಬಿಡಲಿಲ್ಲ. ಇಪ್ಪತ್ತೈದು ಸಾರಿ ಅದನ್ನು ಕಾಪಾಡಿಕೊಂಡನು. 1941ರಲ್ಲಿ ಬಿಲ್ಲಿ ಕಾನ್ ಎಂಬ ಚುರುಕಿನ ಮಲ್ಲನು ಹನ್ನೆರಡು ಸುತ್ತುಗಳಾದ ಮೇಲೆ ಮುಂದಿದ್ದಾಗಲೂ ಲೂಯಿಸನು ಗಾಬರಿಗೊಳ್ಳದೆ ಕಾದಿದ್ದು ಹದಿಮೂರನೆಯದರ ಕೊನೆಯ ಕ್ಷಣಗಳಲ್ಲಿ ಗೆದ್ದನು. ಹಿಂದೆ ಸೋತದ್ದೇ ಆತನಿಗೆ ಕಾಯುವುದನ್ನು ಕಲಿಸಿತೆಂದು ನಾವು ಭಾವಿಸುತ್ತೇವೆ.

ಷುಗರ್ ರೇ ರಾಬಿನ್ಸನ್ ಎಂಬಾತನ ಲೆಕ್ಕವು ಇದಕ್ಕಿಂತಲೂ ಆಶ್ಚರ್ಯಕರವಾದುದು. ಈತನು ಭಾರದ ವರ್ಗದವನಲ್ಲ. 147 ಪೌಂಡಿನೊಳಗಿನ ವೆಲ್ಟರ್‌ವೇಟ್, ಆಮೇಲೆ 160 ಪೌಂಡಿನೊಳಗಿನ ಮಿಡಲ್‌ವೇಟ್ ವರ್ಗಗಳಲ್ಲಿ ಹೋರಾಡಿದವನು. 1943ರ ಫೆಬ್ರವರಿಯಲ್ಲಿ ತನಗಿಂತ ಭಾರಿಯಾದ ಜೇಕ್ ಲಮೋಟನಿಗೆ ಸೋತು, ಮೂರು ವಾರಗಳೊಳಗಾಗಿ ಅವನನ್ನೇ ಎದುರಿಸಿ ಗೆದ್ದನು. ಅಲ್ಲಿಂದ 1951ರವರೆಗೆ, ಎಂಟು ವರ್ಷಗಳಿಗೂ ಮಿಕ್ಕ ಕಾಲ, ಸುಮಾರು ತೊಂಬತ್ತು ಪಂದ್ಯಗಳಲ್ಲಿ ಆತನಿಗೆ ಸೋಲೇ ಇಲ್ಲ. ವರ್ಷಕ್ಕೆ ಒಂದೆರಡು ಸಾರಿ ಮಾತ್ರ ಕಣಕ್ಕಿಳಿಯುವ ಇಂದಿನ ಮಲ್ಲರಿಗೆ ಇದನ್ನು ಹೋಲಿಸಿ ನೋಡಬೇಕು. ಆ ಪಂದ್ಯಗಳಲ್ಲಿ ಬೇಗನೆ ಮುಗಿದವೂ ಇದ್ದವು, ಕಡೆಯ ಸುತ್ತಿನವರೆಗೆ ಎಳೆದವೂ ಇದ್ದವು. ಚುರುಕಿನವರು, ಭಾರಿಯವರು, ಮೊಂಡರು, ಎಲ್ಲ ಬಗೆಯವರೂ ಎದುರಾದರು. 1951ರ ಜುಲೈಯಲ್ಲಿ ಲಂಡನ್ನಿನಲ್ಲಿ ರ್‍ಯಾಂಡಿ ಟರ್ಪಿನ್ ಎಂಬ ತರುಣನು ಹದಿನೈದು ಸುತ್ತುಗಳ ಮೇಲೆ ಈತನನ್ನು ಸೋಲಿಸಿದಾಗ ಲೋಕವು ಬೆರಗಾಯಿತು. ಅರವತ್ತನಾಲ್ಕು ದಿನಗಳು ಕಳೆದವು. ನ್ಯೂಯಾರ್ಕಿನಲ್ಲಿ ಹುಬ್ಬು ಒಡೆದು ಕಣ್ಣಿಗೆ ರಕ್ತವಿಳಿಯುತ್ತಿರಲು, ಪಂದ್ಯವನ್ನು ಯಾವ ಗಳಿಗೆಯಲ್ಲಾದರೂ ನಿಲ್ಲಿಸಿಬಿಟ್ಟಾರೆಂಬ ಆತಂಕದ ನಡುವೆ, ಹತ್ತನೆಯ ಸುತ್ತಿನಲ್ಲಿ ರಾಬಿನ್ಸನ್ನನು ಟರ್ಪಿನ್ನನನ್ನು ಕೆಡವಿ ಪದವಿಯನ್ನು ಹಿಂದಕ್ಕೆ ಪಡೆದನು.

ಇಲ್ಲಿ ವಾಚಕರಲ್ಲಿ ಕೆಲವರು ಒಂದು ಆಕ್ಷೇಪವನ್ನು ಎತ್ತಬಹುದು. ಎಂದಿಗೂ ಸೋಲದವರು ಇರುವಾಗ ಸೋತವರನ್ನು ಅಜೇಯರೆಂದು ಹೊಗಳುವುದೇಕೆ? ರಾಕಿ ಮಾರ್ಸಿಯಾನೋ 49 ಪಂದ್ಯಗಳಲ್ಲಿ 49ನ್ನೂ ಗೆದ್ದು 1956ರಲ್ಲಿ ನಿವೃತ್ತನಾದನು. ಮೆಕ್ಸಿಕೋ ದೇಶದ ರಿಕಾರ್ಡೋ ಲೋಪೆಸನು ಎಲ್ಲಕ್ಕಿಂತ ಹಗುರವಾದ ವರ್ಗಗಳಲ್ಲಿ 51 ಗೆಲವು, ಒಂದು ಸಮಪಂದ್ಯಗಳೊಡನೆ ಸೋಲಿಲ್ಲದೆ ಬಿಟ್ಟನು. ಫ್ಲಾಯ್ಡ್ ಮೇವೆದರನು 2017ರ ವೇಳೆಗೆ ಐವತ್ತಕ್ಕೆ ಐವತ್ತನ್ನು ಮುಟ್ಟಿದನು. ಆಕ್ಷೇಪವು ನ್ಯಾಯವಾದುದೇ. ಆದರೆ ಅಂಕಿಯು ಯಾರು ಸೋಲಲಿಲ್ಲವೆಂಬುದನ್ನು ಹೇಳುತ್ತದೆ; ಯಾರನ್ನು, ಯಾವ ವಯಸ್ಸಿನಲ್ಲಿ ಎದುರಿಸಿದರೆಂಬುದನ್ನು ಹೇಳುವುದಿಲ್ಲ. ಮಾರ್ಸಿಯಾನೋ ಕೆಡವಿದ ಲೂಯಿಸನಿಗೆ ಆಗ ಮೂವತ್ತೇಳು ವರ್ಷ, ವಾಲ್ಕಾಟನಿಗೆ ಮೂವತ್ತೆಂಟು. ಹಾಗೆಂದು ಆತನನ್ನು ಹಗುರವಾಗಿ ಕಾಣಲೂ ಆಗದು. 1952ರಲ್ಲಿ ವಾಲ್ಕಾಟನೊಡನೆ ನಡೆದ ಪಂದ್ಯದ ಮೊದಲನೆಯ ಸುತ್ತಿನಲ್ಲಿಯೇ ನೆಲಕ್ಕೆ ಬಿದ್ದು, ಹನ್ನೆರಡು ಸುತ್ತುಗಳವರೆಗೆ ಹಿಂದಿದ್ದು, ಹದಿಮೂರನೆಯದರಲ್ಲಿ ಒಂದೇ ಏಟಿನಿಂದ ಗೆದ್ದನು. ನಮಗೆ ಆತನ 49ರ ಅಂಕಿಗಿಂತ ಈ ಒಂದು ರಾತ್ರಿಯೇ ದೊಡ್ಡದಾಗಿ ಕಾಣುತ್ತದೆ.

ನಮ್ಮ ದೇಶದ ಹೆಣ್ಣುಮಗಳೊಬ್ಬಳ ಹೆಸರನ್ನು ಇಲ್ಲಿ ಹೇಳದಿದ್ದರೆ ಲೋಪವಾದೀತು. ಮಣಿಪುರದ ಮೇರಿ ಕೋಮ್ 2002, 2005, 2006ರ ಲೋಕಸ್ಪರ್ಧೆಗಳಲ್ಲಿ ಚಿನ್ನವನ್ನು ಗೆದ್ದರು. 2007ರಲ್ಲಿ ಅವಳಿ ಮಕ್ಕಳಿಗೆ ತಾಯಿಯಾದರು. ಇನ್ನು ಮುಗಿಯಿತೆಂದವರಿಗೆ 2008ರಲ್ಲಿಯೂ 2010ರಲ್ಲಿಯೂ ಮತ್ತೆ ಚಿನ್ನ ಗೆದ್ದು ಉತ್ತರ ಕೊಟ್ಟರು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಅವರ ತೂಕದ ವರ್ಗವೇ ಇರಲಿಲ್ಲ. 51 ಕಿಲೋ ವರ್ಗಕ್ಕೇರಿ ತಮಗಿಂತ ದೊಡ್ಡವರೊಡನೆ ಹೋರಾಡಿ ಕಂಚಿಗೆ ತೃಪ್ತರಾದರು. 2018ರಲ್ಲಿ ದೆಹಲಿಯಲ್ಲಿ, ಮೂವತ್ತೈದರ ಪ್ರಾಯದಲ್ಲಿ, ಆರನೆಯ ಚಿನ್ನ. ಅಜೇಯರೆಂಬ ಮಾತಿಗೆ ಮನೆಮಂದಿಯೆಲ್ಲ ಒಪ್ಪಬಹುದಾದ ಅರ್ಥವು ಇಲ್ಲಿದೆ.

ಈ ಆಟದ ಬೆಲೆಯನ್ನೂ ಮರೆಮಾಚತಕ್ಕದ್ದಲ್ಲ. 1947ರಲ್ಲಿ ರಾಬಿನ್ಸನ್ನನೊಡನೆ ಹೋರಾಡಿದ ಜಿಮ್ಮಿ ಡಾಯ್ಲ್ ಎಂಬ ತರುಣನು ಆ ಪಂದ್ಯದ ಪೆಟ್ಟಿನಿಂದಲೇ ಅಸುನೀಗಿದನು. 1982ರಲ್ಲಿ ಕೊರಿಯಾ ದೇಶದ ಕಿಮ್ ಡುಕ್-ಕೂ ಎಂಬಾತನು ಹದಿನಾಲ್ಕನೆಯ ಸುತ್ತಿನವರೆಗೆ ಹೋರಾಡಿ, ಬಿದ್ದು, ಕೆಲವೇ ದಿನಗಳಲ್ಲಿ ಮೃತನಾದ ಮೇಲೆಯೇ ಹದಿನೈದು ಸುತ್ತುಗಳು ಹನ್ನೆರಡಕ್ಕೆ ಇಳಿದವು. ಯುದ್ಧಕಾಲದಲ್ಲಿ ಎರಡು ಪಂದ್ಯಗಳ ಗಳಿಕೆಯನ್ನು ಸೈನ್ಯದ ಮತ್ತು ನೌಕಾದಳದ ಸಹಾಯನಿಧಿಗಳಿಗೆ ಕೊಟ್ಟ ಲೂಯಿಸನೇ ತೆರಿಗೆಯ ಸಾಲಕ್ಕೆ ಸಿಕ್ಕಿ, ನಿವೃತ್ತಿಯಿಂದ ಮರಳಿ ಕಣಕ್ಕಿಳಿಯಬೇಕಾಯಿತು. 1951ರಲ್ಲಿ ಆತನನ್ನು ಕೆಡವಿದ ಮಾರ್ಸಿಯಾನೋ ತಾನೇ ಅತ್ತನೆಂದು ಹೇಳುತ್ತಾರೆ. ಆಲಿಯು ಸಹ ಬಿಡಬೇಕಾದ ಕಾಲದಲ್ಲಿ ಬಿಡಲಿಲ್ಲ. 1981ರಲ್ಲಿ ಕೊನೆಯ ಪಂದ್ಯವನ್ನಾಡಿದ ಆತನಿಗೆ 1984ರಲ್ಲಿ ಪಾರ್ಕಿನ್ಸನ್ ರೋಗವಿದೆಯೆಂದು ವೈದ್ಯರು ತಿಳಿಸಿದರು. ಅಭಿಮಾನಿಗಳು ಯಾರನ್ನು ಸೋಲಿಲ್ಲದವನೆಂದು ಕೂಗಿ ಕೂಗಿ ಹೊಗಳುತ್ತಾರೋ ಅವನಿಗೆ ಸಾಕೆಂದು ಹೇಳತಕ್ಕವರು ಹತ್ತಿರದಲ್ಲಿ ಯಾರೂ ಉಳಿಯುವುದಿಲ್ಲ. ಮೂವತ್ತೆರಡರಲ್ಲಿಯೇ ಕೈಗವುಸನ್ನು ಕಳಚಿಟ್ಟ ಮಾರ್ಸಿಯಾನೋವನ್ನು ಈ ಒಂದು ವಿವೇಕಕ್ಕಾಗಿ ಎಲ್ಲರೂ ಮೆಚ್ಚಲೇಬೇಕು.

ಕಿನ್ಷಾಸಾದಲ್ಲಿ ಬಿದ್ದ ಫೋರ್‌ಮನ್ನನ ಕಥೆಯಲ್ಲಿ ಹೇಳಬೇಕಾದುದು ಇನ್ನೂ ಸ್ವಲ್ಪ ಉಳಿದಿದೆ. 1977ರಲ್ಲಿ ಆತನು ಕಣವನ್ನು ಬಿಟ್ಟು ಧರ್ಮಬೋಧಕನಾದನು. ಹತ್ತು ವರ್ಷಗಳ ಮೇಲೆ, ತಲೆಗೂದಲಿಲ್ಲದ ಸ್ಥೂಲಕಾಯನಾಗಿ, ಹಿಂದಿನ ಉಗ್ರತೆಯನ್ನೆಲ್ಲ ಕಳೆದುಕೊಂಡು ನಗುನಗುತ್ತ ಮರಳಿದಾಗ ಜನರು ಹಾಸ್ಯಮಾಡಿದರು. 1994ರ ನವೆಂಬರ್ 5ರಂದು, ನಲವತ್ತೈದು ವರ್ಷದ ಈ ಹಿರಿಯನು ಕಿನ್ಷಾಸಾದಲ್ಲಿ ತೊಟ್ಟಿದ್ದ ಅದೇ ಕೆಂಪು ಚಡ್ಡಿಯನ್ನು ತೊಟ್ಟು ಮೈಕಲ್ ಮೂರರ್ ಎಂಬ ಜಗಜ್ಜೆಟ್ಟಿಯೆದುರು ನಿಂತನು. ಒಂಬತ್ತು ಸುತ್ತುಗಳವರೆಗೆ ಏಟುಗಳನ್ನು ತಿಂದನು. ಆದರೆ ಈ ಸಲ ದುಡುಕಲಿಲ್ಲ, ಉಸಿರನ್ನು ವ್ಯರ್ಥಮಾಡಲಿಲ್ಲ. ಹತ್ತನೆಯದರಲ್ಲಿ ಬಲಗೈ ಒಂದೇ ಸಾರಿ ನೇರವಾಗಿ ಹೊಕ್ಕಿತು, ಮೂರರನು ಏಳಲಿಲ್ಲ. ಇಪ್ಪತ್ತೈದರಲ್ಲಿ ಆತನಿಗಿಲ್ಲದ ತಾಳ್ಮೆಯು ನಲವತ್ತೈದರಲ್ಲಿ ಇದ್ದಿತು. 2025ರ ಮಾರ್ಚಿನಲ್ಲಿ ಆತನು ತೀರಿಕೊಂಡಾಗ ಲೋಕವು 1973ರ ದೈತ್ಯನಿಗಿಂತ ಈ ವೃದ್ಧಮಲ್ಲನನ್ನೇ ಹೆಚ್ಚಾಗಿ ನೆನೆಯಿತು.

ಹಾಗಾದರೆ ನಮ್ಮ ತೀರ್ಪೇನೆಂದು ವಾಚಕರು ಕೇಳಿಯಾರು. ಅಜೇಯನೆಂದು ತೋರಿದವನು 1988ರ ಟೈಸನ್. ಇದರಲ್ಲಿ ತರುಣರ ಪಕ್ಷವೇ ನಮ್ಮ ಪಕ್ಷ. ಅಜೇಯತ್ವಕ್ಕೆ ಎಲ್ಲರಿಗಿಂತ ಸಮೀಪದಲ್ಲಿ ನಿಂತವನು 1943ರಿಂದ 1951ರವರೆಗಿನ ರಾಬಿನ್ಸನ್. ಆತನ ಮಗ್ಗುಲಲ್ಲಿ 1938ರ ಲೂಯಿಸನಿಗೂ ಒಂದು ಮಣೆಯನ್ನು ಹಾಕತಕ್ಕದ್ದು. ಇದಕ್ಕೆ ಒಪ್ಪದವರು ಧಾರಾಳವಾಗಿ ವಾದಿಸಲಿ. ಹಾಗೆ ವಾದಿಸುವಾಗ, ತಮ್ಮ ಮಲ್ಲನು ಎಷ್ಟು ಮಂದಿಯನ್ನು ಎಷ್ಟು ಬೇಗ ಕೆಡವಿದನೆಂಬುದರ ಜೊತೆಗೆ, ತಾನು ಬಿದ್ದ ದಿನದ ಮಾರನೆಯ ಬೆಳಗ್ಗೆ ಏನು ಮಾಡಿದನೆಂಬುದನ್ನೂ ವಿಚಾರಿಸಲಿ. ಮನೆಯಲ್ಲಿ ಪರೀಕ್ಷೆಗೆ ಕೂತು, ಮೊದಲ ಸ್ಥಾನವನ್ನೇ ಪಡೆಯುತ್ತ ಬಂದ ಮಕ್ಕಳಿದ್ದರೆ ಅವರೂ ಈ ವಿಚಾರಣೆಯನ್ನು ಕೇಳಿಸಿಕೊಳ್ಳುವುದು ಒಳ್ಳೆಯದು.